ಒಬ್ಬರು ಕಮ್ಮಿ ಇದ್ದಾರೆ, ಬನ್ನಿ

ದಿನಾ ವ್ಯಾಯಾಮ ಮಾಡಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದು ಹೆಚ್ಚು ದಿನ ನಡೆಯುವುದಿಲ್ಲ. ಅದೇ ಬೆಳಿಗ್ಗೆ ಆರಕ್ಕೆ ಯಾರಾದರೂ ಗೇಟಿನ ಹತ್ತಿರ ನಿಂತು, "ರಾಯರೇ, ಒಬ್ಬರು ಕಮ್ಮಿ ಇದ್ದಾರೆ, ಬನ್ನಿ" ಎಂದು ಕೂಗಿದರೆ, ಎಂಥವರೂ ಹಾಸಿಗೆ ಬಿಟ್ಟು ಏಳುತ್ತಾರೆ. ನಮ್ಮೂರ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಈ ಆಟಕ್ಕೆ ಒಂದೊಂದು ಕಡೆಗೂ ಐದು ಜನ ಬೇಕು. ಕೋರ್ಟು 24 ಮೀಟರ್ ಉದ್ದ, 12 ಮೀಟರ್ ಅಗಲ. ತಮ್ಮ ಅರ್ಧವನ್ನು ಐವರು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವ ಜಾಗ ಕಡಿಮೆ. ಮೈಭಾರದವರೂ ಒಂದು ಮೂಲೆ ಕಾಯ್ದುಕೊಂಡು, ಎದುರಿಗೆ ಬಂದ ಹಳದಿ ಉಣ್ಣೆಯ ಚೆಂಡನ್ನು ನೆಟ್ ದಾಟಿಸಬಹುದು. ನಿವೃತ್ತರಾದ ಬ್ಯಾಂಕ್ ಗುಮಾಸ್ತರೊಬ್ಬರು ಮೊದಮೊದಲು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಹುಡುಗರು ಅವರನ್ನು ಆಟಕ್ಕೆ ಕರೆಯಲಿಲ್ಲ, ನೆಟ್ ಕಟ್ಟಲು ಕರೆದರು. ಆಮೇಲೆ ಗೆರೆಗೆ ಸುಣ್ಣದ ಪುಡಿ ಹಾಕಲು, ಆಚೆ ಹೋದ ಚೆಂಡು ಹೆಕ್ಕಿ ತರಲು. ಬಗ್ಗಿ ಏಳುತ್ತಾ ಮೈ ಸಡಿಲಾಯಿತು. ಒಂದು ದಿನ ಬ್ಯಾಟೂ ಕೈಗೆ ಬಂತು. ಈಗ ಅವರು ಬಾರದಿದ್ದರೆ ಮನೆಗೆ ಫೋನು ಹೋಗುತ್ತದೆ. ಆ ಹುಡುಗರ ಜಾಣತನದ ಮುಂದೆ ನಮ್ಮ ಆರೋಗ್ಯ ಭಾಷಣಗಳು ಏನೇನೂ ಅಲ್ಲ.

ತಂಡಕ್ಕೆ ಜನ ಬೇಕೆಂದರೆ ಎಲ್ಲರೂ ಆಟಕ್ಕೆ ಇಳಿಯುತ್ತಾರೆ ಎನ್ನುವುದು ಕೊಡಗಿನವರಿಗೆ ಎಂದೋ ಗೊತ್ತಿತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಆಡುವುದು ಒಕ್ಕ, ಅಂದರೆ ಮನೆತನ. ಪ್ರತಿವರ್ಷ ಒಂದೊಂದು ಒಕ್ಕ ಪಂದ್ಯಾವಳಿಯ ಹೊಣೆ ಹೊರುತ್ತದೆ. ಒಕ್ಕದ ಹೆಸರು ಉಳಿಯಬೇಕೆಂದರೆ ಹನ್ನೊಂದು ಜನ ಕೂಡಬೇಕು. ಹಾಗಾಗಿ ಹೆಂಗಸರು, ಶಾಲೆಯ ಮಕ್ಕಳು, ತಲೆ ನರೆತವರು ಎಲ್ಲರೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದ ಕಪ್‌ಗೆ 360 ತಂಡಗಳು ಬಂದಿದ್ದವು.

ಅಲ್ಲಿ ಹೆಂಗಸರಿಗಿರುವ ಜಾಗ ನಮ್ಮ ಬಯಲುಸೀಮೆಯ ಕ್ಲಬ್ಬುಗಳಲ್ಲಿ ಇಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ 2022ರ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಷ್ಟೂ ಮಾಡುವುದಿಲ್ಲ, ಹೆಂಗಸರಲ್ಲಿ ಈ ಪ್ರಮಾಣ ಶೇ. 57. ಇದನ್ನು ಸೋಮಾರಿತನ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಬೆಳಿಗ್ಗೆ ಆರಕ್ಕೆ ಒಲೆಯ ಮುಂದೆ ನಿಂತಿರುವವರು ಕೋರ್ಟಿಗೆ ಬರುವುದು ಹೇಗೆ? ಮಕ್ಕಳಿಗೆ ಡಬ್ಬಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು, ಬಟ್ಟೆ ಒಗೆದು ಮುಗಿಸುವಷ್ಟರಲ್ಲಿ ನಮ್ಮ ಆಟವೂ ಮುಗಿದಿರುತ್ತದೆ.

ಕಮಿಟಿಯಲ್ಲಿ ಈ ಮಾತು ಎತ್ತಿದೆ. ಸ್ವಲ್ಪ ಗೊಣಗಾಟ ಆಯಿತು, ಆದರೂ ಒಪ್ಪಿದರು. ಸೋಮವಾರದಿಂದ ಸಂಜೆ ನಾಲ್ಕರಿಂದ ಐದೂವರೆವರೆಗೆ ಕೋರ್ಟು ಹೆಂಗಸರದು. ಸೀರೆ, ಚೂಡಿದಾರ್, ಯಾವುದರಲ್ಲಾದರೂ ಬರಬಹುದು. ಬ್ಯಾಟು ಕ್ಲಬ್ಬಿನದೇ. ಕೈಗೂಸು ಇರುವವರು ಜೊತೆಗೆ ಕರೆತರಲಿ, ನೋಡಿಕೊಳ್ಳಲು ಕಟ್ಟೆಯ ಮೇಲೆ ನಾವಿರುತ್ತೇವೆ.