ಟಿಟ್ಟಿಭದ ಗೂಡಿನ ಬಳಿ

ಮಠದ ಪಾಠಶಾಲೆಯಲ್ಲಿ ಪಂಚತಂತ್ರವನ್ನು ಓದಿದ ನನಗೆ ಟಿಟ್ಟಿಭವೆಂಬ ಹಕ್ಕಿ ಬಾಲ್ಯದಿಂದಲೇ ಪರಿಚಿತ. ಕಡಲ ತಡಿಯಲ್ಲಿ ಟಿಟ್ಟಿಭ ದಂಪತಿಗಳು ಇಟ್ಟ ಮೊಟ್ಟೆಗಳನ್ನು ಸಮುದ್ರವು ಸೆಳೆದೊಯ್ಯಿತು. ಹಕ್ಕಿಗಳೆಲ್ಲ ಕೂಡಿ ಗರುಡನಲ್ಲಿ ಮೊರೆಯಿಟ್ಟವು. ಕಡೆಗೆ ವಿಷ್ಣುವಿಗೆ ಅಂಜಿದ ಸಮುದ್ರ ಅವನ್ನು ಮರಳಿಸಿತು. ಈ ಕಥೆಯನ್ನು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಬೋಧಿಸಿದ್ದೇನೆ. ಆದರೆ ಆ ಹಕ್ಕಿಯ ಗೂಡನ್ನು ಕಣ್ಣಾರೆ ಕಂಡದ್ದು ಅರವತ್ತು ದಾಟಿದ ಮೇಲೆ, ಸಾಗರ ತಾಲ್ಲೂಕಿನ ತುಮರಿಯಲ್ಲಿ.

ಹೈಸ್ಕೂಲಿನಲ್ಲಿ ಓದುವ ನನ್ನ ಮೊಮ್ಮಗನಿಗೆ ಹಕ್ಕಿಗಳ ಛಾಯಾಚಿತ್ರ ತೆಗೆಯುವ ಹಂಬಲ. ಒಂದು ಮಳೆಗಾಲದಲ್ಲಿ ಅವನನ್ನು ಮಂಡಗದ್ದೆಯ ಪಕ್ಷಿಧಾಮಕ್ಕೆ ಕರೆದೊಯ್ದಿದ್ದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿದ್ದವು. ನಾವು ದಡದ ವೀಕ್ಷಣಾ ಗೋಪುರದಲ್ಲಿ ನಿಂತು ನೋಡಿದೆವು. ನಡುವೆ ತುಂಬಿದ ಹೊಳೆ. “ಇನ್ನೂ ಹತ್ತಿರ ಹೋಗೋಕಾಗಿದ್ರೆ ಚೆನ್ನಾಗಿತ್ತು ಅಜ್ಜಾ” ಎಂದು ಹುಡುಗ ಪೇಚಾಡಿದ. ಆ ಹೊಳೆಯೇ ಗೂಡುಗಳ ಕಾವಲುಗಾರನೆಂಬುದು ಆಗ ನನಗೂ ಹೊಳೆಯಲಿಲ್ಲ.

2024ರ ಏಪ್ರಿಲ್‌ನಲ್ಲಿ ಲಾಂಚಿನಲ್ಲಿ ಹಿನ್ನೀರು ದಾಟಿ ತುಮರಿಗೆ ಹೋದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಿಂದ ಹರಡಿದ ಶರಾವತಿಯ ಈ ನೀರು ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಮುಳುಗಿದ್ದ ಬೋಳುನೆಲವೂ ಮರದ ಮೋಟುಗಳೂ ಹೊರಗೆ ಕಾಣುತ್ತವೆ. ಅಂಥ ನೆಲದ ಮೇಲೆ ನಡೆಯುತ್ತಿದ್ದಾಗ ಎರಡು ಟಿಟ್ಟಿಭಗಳು ಚೀರುತ್ತ ತಲೆಯ ಮೇಲೆ ಸುತ್ತತೊಡಗಿದವು. ಹುಡುಕಿದಾಗ ನೆಲದ ತಗ್ಗಿನಲ್ಲಿ, ಸಣ್ಣ ಕಲ್ಲುಗಳ ನಡುವೆ, ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆಗಳು ಕಂಡವು.

ನನ್ನ ಆನಂದಕ್ಕೆ ಪಾರವಿರಲಿಲ್ಲ. ಹಕ್ಕಿ ಕಾವಿಗೆ ಕುಳಿತ ಚಿತ್ರವನ್ನು ತೆಗೆದೇ ಹೋಗೋಣವೆಂದು ಮೊಮ್ಮಗನನ್ನು ಹುರಿದುಂಬಿಸಿದವನು ನಾನೇ. ಹತ್ತಾರು ಹೆಜ್ಜೆ ದೂರದಲ್ಲಿ ಕೊಡೆ ಬಿಡಿಸಿ ಕುಳಿತೆವು. ಅರ್ಧ ಗಂಟೆ ಕಳೆಯಿತು. ಹಕ್ಕಿಗಳು ಕೂಗಿದವು, ಸುತ್ತಿದವು, ಇಳಿಯಲಿಲ್ಲ.

ದನ ಮೇಯಿಸುತ್ತಿದ್ದ ವೃದ್ಧರೊಬ್ಬರು ಹತ್ತಿರ ಬಂದು ನಿಂತರು. “ಅಯ್ಯನೋರೆ, ನೀವು ನೆರಳಲ್ಲಿ ಕೂತೀರಿ. ಮೊಟ್ಟೆ ಬಿಸ್ಲಲ್ಲಿ ಬೇಯ್ತಾ ಐತೆ. ನೀವು ಏಳೋವರ್ಗೂ ಅದು ಬರಲ್ಲ” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಬಾಲ್ಯದಲ್ಲಿ ತಾವಿದ್ದ ಮನೆ ಈ ನೀರಿನಡಿಯಲ್ಲಿದೆಯೆಂದು ಬಳಿಕ ಹೇಳಿದರು.

ನಾಚಿಕೆಯಿಂದ ಎದ್ದೆ. ದೂರದ ಮರದಡಿ ನಿಂತು ದುರ್ಬೀನಿನಲ್ಲಿ ನೋಡಿದೆವು. ಒಂದು ಹಕ್ಕಿ ಮೊದಲು ನೀರಿಗಿಳಿದು ಎದೆ, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡಿತು. ಆಮೇಲೆ ಬಂದು ಆ ತೇವದೊಡನೆ ಮೊಟ್ಟೆಗಳ ಮೇಲೆ ಕುಳಿತಿತು. ಬಿಸಿಲಿನ ಹೊತ್ತಿನಲ್ಲಿ ಟಿಟ್ಟಿಭಕ್ಕೆ ಕಾವು ಕೊಡುವುದಕ್ಕಿಂತ ತಂಪು ನೀಡುವುದೇ ಮುಖ್ಯ ಕೆಲಸ. ಆ ಕೆಲಸವನ್ನೇ ನಾವು ಅರ್ಧ ಗಂಟೆ ತಡೆದಿದ್ದೆವು. ಮೊಮ್ಮಗ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದ. ಆ ನಾಲ್ಕು ಮೊಟ್ಟೆಗಳು ಮರಿಯಾದವೇ? ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕಥೆಯ ಸಮುದ್ರವಾದರೂ ಮೊಟ್ಟೆಗಳನ್ನು ಮರಳಿಸಿತ್ತು. ಮರಳಿಸುವ ಶಕ್ತಿ ನನಗೆಲ್ಲಿದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ‘ಬೇಟೆ’ ಎಂದೇ ಎಣಿಸುತ್ತದೆ. ಕೋವಿಯನ್ನು ಕೈಯಲ್ಲಿ ಹಿಡಿಯದ ನಾನು ಅಂದು ಆ ಅರ್ಥದ ಬೇಟೆಗಾರನಿಗೆ ಬಹಳ ಸಮೀಪದಲ್ಲಿದ್ದೆ.

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಎವೆಯಿಕ್ಕದೆ ನೋಡುವ ಅನಿಮಿಷ ದೃಷ್ಟಿಯನ್ನು ಗುರುಗಳು ನಮಗೆ ಕಲಿಸಿದ್ದರು. ಆ ನೋಟದಲ್ಲಿ ಪಡೆಯುವ ಆತುರವಿಲ್ಲ, ನೋಡುವವನು ತಾನೇ ಕರಗಬೇಕು. ಹಕ್ಕಿಯನ್ನು ನೋಡುವಾಗಲೂ ಅದೇ ನಿಯಮ ಸಲ್ಲುತ್ತದೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ದ್ವೀಪದಂತಿದ್ದ ನಾಡಿನ ಜನರ ದಶಕಗಳ ಬವಣೆ ನೀಗಿತು, ಸಂತೋಷದ ಸಂಗತಿ. ಇನ್ನು ಸಿಗಂದೂರಿಗೆ ಹೋಗುವ ಕುಟುಂಬಗಳು ಹಿನ್ನೀರಿನ ದಡದಲ್ಲಿ ಇಳಿಯುವುದೂ ಸಹಜ. ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಹಕ್ಕಿ ನಿಮ್ಮ ತಲೆಯ ಮೇಲೆ ಸುತ್ತಿ ಚೀರಿದರೆ, ಮೊಟ್ಟೆಯನ್ನು ಹುಡುಕಬೇಡಿ. ಬಂದ ಹೆಜ್ಜೆಯಲ್ಲೇ ನೆಲ ನೋಡುತ್ತ ಹಿಂದೆ ಸರಿಯಿರಿ. ಗೂಡಿನ ಠಾವನ್ನು ಹತ್ತು ಜನಕ್ಕೆ ಸಾರಬೇಡಿ. ಮಕ್ಕಳ ಕೈಗೆ ಕ್ಯಾಮೆರಾ ಕೊಡುವ ಮೊದಲು ಒಂದು ದುರ್ಬೀನು ಕೊಡಿಸಿ, ದೂರದಲ್ಲಿ ಸುಮ್ಮನೆ ಕೂರುವುದನ್ನು ಕಲಿಸಿ.

ಮೊಮ್ಮಗನ ಸಂಗ್ರಹದಲ್ಲಿ ಕಾವಿಗೆ ಕುಳಿತ ಟಿಟ್ಟಿಭದ ಚಿತ್ರ ಇಂದಿಗೂ ಇಲ್ಲ. ಕೇಳಿದವರಿಗೆ ಅವನು ಅದರ ಕಥೆಯನ್ನು ಹೇಳುತ್ತಾನೆ. ಅಜ್ಜನ ತಪ್ಪನ್ನೂ ಬಿಡದೆ ಹೇಳುತ್ತಾನೆ.