ಫ್ರಾನ್ಸಿನ ಹೋಟೆಲು, ರೋಣದ ಪಡಸಾಲೆ

2019ರ ಜೂನ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಫ್ರಾನ್ಸ್ ದೇಶಕ್ಕೆ ಹೋಗಿ ಬಂದದ್ದು ಈ ಪುಟದ ಕೆಲವು ಓದುಗರಿಗೆ ಗೊತ್ತು. ಮರಳಿದ ಮೇಲೆ ರೋಣದ ಮಿತ್ರರು ಐಫೆಲ್ ಗೋಪುರದ ಬಗೆಗೆ ಕೇಳಿದರು, ಗಜೇಂದ್ರಗಡದ ಬಂಧುಗಳು ಅಲ್ಲಿಯ ಊಟದ ಬಗೆಗೆ ಕೇಳಿದರು. ರಾತ್ರಿ ಎಲ್ಲಿ ಮಲಗಿದಿರಿ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಹೇಳಬೇಕಾಗಿದ್ದುದು ಅದೊಂದೇ.

ಪ್ಯಾರಿಸ್ಸಿನಲ್ಲಿ ನೌಕರಿಯಲ್ಲಿದ್ದ ಮಗಳು ನಮ್ಮನ್ನು ಲ್ವಾರ್ ನದಿಯ ದಂಡೆಯ ಆಂಬ್ವಾಜ್ ಎಂಬ ಊರಿಗೆ ಕರೆದುಕೊಂಡು ಹೋಗಿ, ಅಲ್ಲಿ ಒಂದು ಬೂಟೀಕ್ ಹೋಟೆಲಿನಲ್ಲಿ ನಾಲ್ಕು ರಾತ್ರಿಗಳಿಗೆ ಕೋಣೆ ಹಿಡಿದಿದ್ದಳು. ಲಿಯೊನಾರ್ಡೊ ಡ ವಿಂಚಿ 1516ರಲ್ಲಿ ದೊರೆಯ ಆಮಂತ್ರಣದ ಮೇಲೆ ಬಂದು, 1519ರಲ್ಲಿ ತೀರಿಕೊಂಡ ಊರು ಅದು. ಬೂಟೀಕ್ ಎಂದರೆ ಸೀರೆಯಂಗಡಿ ಎಂದೇ ತಿಳಿದಿದ್ದ ನನ್ನ ಪತ್ನಿ, "ಅಲ್ರೀ, ಬಟ್ಟಿ ಅಂಗಡ್ಯಾಗ ಮಲಗೂದೇನು?" ಎಂದಳು. ಕೋಣೆಗಳು ಕಡಿಮೆ, ಒಂದರಂತೆ ಇನ್ನೊಂದಿಲ್ಲ, ಬೆಲೆ ಮಾತ್ರ ವಿಪರೀತ, ಅಂಥದಕ್ಕೆ ಈ ಹೆಸರು ಎಂದು ಮಗಳು ವಿವರಿಸಿದಳು. ಬೆಲೆ ಎಷ್ಟೆಂಬುದನ್ನು ಹೇಳಲಿಲ್ಲ.

ಅದು ಹಳೆಯ ಕಾಲದ ವರ್ತಕನೊಬ್ಬನ ಮನೆ. ಗೋಡೆಗಳು ಆ ಸೀಮೆಯ ಟುಫೋ ಎಂಬ ಮೆದುವಾದ ಬಿಳಿ ಸುಣ್ಣಕಲ್ಲಿನವು. ನಮ್ಮ ಗಜೇಂದ್ರಗಡದ ಗುಡ್ಡದ ಕೆಂಪುಕಲ್ಲನ್ನು ನೋಡಿ ಬೆಳೆದ ಕಣ್ಣಿಗೆ ಆ ಬಿಳುಪು ಮೊದಲ ದಿನ ಸುಣ್ಣ ಬಳಿದ ಗುಡಿಯಂತೆ ಕಂಡಿತು. ಒಟ್ಟು ಹನ್ನೊಂದು ಕೋಣೆಗಳು. ಮಾಲಕಿ ಅರವತ್ತರ ಆಸುಪಾಸಿನ ಹೆಂಗಸು. ಬೆಳಗಿನ ಕಾಫಿ, ಬ್ರೆಡ್ಡು, ಹಣ್ಣಿನ ಮುರಬ್ಬಗಳನ್ನು ತಾನೇ ತಂದಿಡುತ್ತಿದ್ದಳು. ನಾವು ಮೊಟ್ಟೆಯನ್ನೂ ತಿನ್ನುವವರಲ್ಲ ಎಂದು ತಿಳಿದ ಮರುದಿನ, ಹೇಳದೆಯೇ ಒಂದು ತಟ್ಟೆ ಹೆಚ್ಚಿನ ಹಣ್ಣು ಬಂದಿತು. ಹಾಸಿಗೆಯ ಮೆತ್ತೆಗಳನ್ನೂ ಸ್ನಾನದ ತೊಟ್ಟಿಯ ಹಿತ್ತಾಳೆ ನಲ್ಲಿಗಳನ್ನೂ ಇಲ್ಲಿ ವರ್ಣಿಸುವುದಿಲ್ಲ. ನನ್ನ ಪತ್ನಿ ಮಾತ್ರ ಕೆಲಸದ ಹುಡುಗಿ ಬರುವ ಮೊದಲೇ ಪ್ರತಿದಿನ ಹಾಸಿಗೆಯನ್ನು ತಾನೇ ಸರಿಮಾಡಿಬಿಡುತ್ತಿದ್ದಳು. ಆ ಹುಡುಗಿ ಅದನ್ನು ಕಿತ್ತು ಮತ್ತೊಮ್ಮೆ ಹಾಸುತ್ತಿದ್ದಳು. ಈ ಮೌನ ಸ್ಪರ್ಧೆ ನಾಲ್ಕೂ ದಿನ ನಡೆಯಿತು.

ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆಯಾಗುತ್ತ ಬಂದರೂ ಬೆಳಕು ಆರುವುದಿಲ್ಲ. ನಿದ್ರೆ ಬಾರದೆ ಮಲಗಿ ಮೇಲೆ ನೋಡಿದೆ. ಗಿಲಾವು ಮಾಡದೆ ಹಾಗೆಯೇ ಬಿಟ್ಟ ಓಕ್ ಮರದ ತೊಲೆಗಳು, ಅವುಗಳ ಮೇಲೆ ಅಡ್ಡಲಾಗಿ ಸಾಲು ಜಂತಿಗಳು. ಆ ಕ್ಷಣ ನಾನು ಆಂಬ್ವಾಜಿನಲ್ಲಿರಲಿಲ್ಲ.

1971ರಲ್ಲಿ ರೋಣ ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ನನ್ನನ್ನು ಮೊದಲ ಸಲ ನೇಮಿಸಿದಾಗ ಇಳಿದುಕೊಳ್ಳಲು ಆ ಊರಿನಲ್ಲಿ ಒಂದು ಕೋಣೆಯೂ ಬಾಡಿಗೆಗೆ ಇರಲಿಲ್ಲ. ಊರಿನ ದೊಡ್ಡ ಮನೆಯವರು ತಮ್ಮ ವಾಡೆಯ ಪಡಸಾಲೆಯ ಪಕ್ಕದ ಕೋಣೆಯನ್ನು ಬಿಟ್ಟುಕೊಟ್ಟರು. ಒಂಬತ್ತು ಅಂಕಣದ ಮನೆ, ಮೇಲೆ ಮಣ್ಣಿನ ಮಾಳಿಗೆ, ತೇಗದ ಹದಿನಾಲ್ಕು ಕಂಬ. ನನ್ನ ತಲೆಯ ಮೇಲಿನ ಬೋದಿಗೆಯಲ್ಲಿ ಎದುರುಬದುರಾಗಿ ಕುಳಿತ ಎರಡು ಗಿಳಿಗಳ ಕೆತ್ತನೆ ಇತ್ತು. ದೀಪಾವಳಿಗೆ ಮುಂಚೆ ಮನೆಯ ಹೆಣ್ಣುಮಕ್ಕಳು ಅಗಸೆ ಎಣ್ಣೆಯಲ್ಲಿ ಅರಿವೆ ಅದ್ದಿ ಕಂಬಗಳನ್ನು ತಿಕ್ಕುತ್ತಿದ್ದರು. ಆ ವಾಸನೆ ವಾರಗಟ್ಟಲೆ ಉಳಿಯುತ್ತಿತ್ತು. ಬಾಡಿಗೆಯ ಮಾತೆತ್ತಿದಾಗ ಯಜಮಾನರು, "ಮಾಸ್ತರ, ನೀವು ಸಾಲಿ ಕಲಸಾಕ ಬಂದೀರಿ, ಬಾಡಿಗಿ ಕೊಡಾಕ ಬಂದಿಲ್ಲ" ಎಂದು ಮಾತು ಮುಗಿಸಿದರು. ಮರುವರ್ಷ, 1972ರಲ್ಲಿ, ಬರ ಬಿದ್ದಿತು. ಹಗೇವು ತೆಗೆದು, ಮುಗ್ಗು ಹಿಡಿದ ಜೋಳವನ್ನು ತೊಳೆದು ಒಣಗಿಸಿ ರೊಟ್ಟಿ ಬಡಿದರು. ಅವರ ಮಕ್ಕಳಿಗೆ ಎಷ್ಟು ರೊಟ್ಟಿಯೋ ನನಗೂ ಅಷ್ಟೇ. ಎರಡು ವರ್ಷ ಅಲ್ಲಿದ್ದೆ.

ಆಂಬ್ವಾಜಿನ ಕೋಣೆಯ ಬಾಗಿಲ ಹಿಂದೆ ದರಪಟ್ಟಿ ಅಂಟಿಸಿದ್ದರು. ಒಂದು ರಾತ್ರಿಗೆ 180 ಯೂರೊ, ಮೇಲೆ ತಲೆಗಿಷ್ಟು ಎಂದು ಊರಿನ ತೆರಿಗೆ. ಯೂರೊಗೆ ಆಗ ಸುಮಾರು 78 ರೂಪಾಯಿ. ಅಂದರೆ 14,040 ರೂಪಾಯಿ. ನನ್ನ ಮೊದಲ ಸಂಬಳ 195 ರೂಪಾಯಿ. ಗಣಿತದ ಮಾಸ್ತರನ ಬುದ್ಧಿ ಸುಮ್ಮನಿರುವುದಿಲ್ಲವಲ್ಲ, ಭಾಗಿಸಿ ನೋಡಿದೆ. ಸರಿಯಾಗಿ ಆರು ವರ್ಷದ ಸಂಬಳ. ಮಗಳ ಮೇಲೆ ಸಿಟ್ಟು ಬಂದದ್ದು ನಿಜ.

ಮರುದಿನ ಆ ಊರಿನ ಅರಮನೆಯನ್ನು ನೋಡಿಬಂದೆವು. ದೊರೆ ಎಂಟನೆಯ ಚಾರ್ಲ್ಸ್ 1498ರಲ್ಲಿ ಅಲ್ಲಿಯ ತಗ್ಗು ಬಾಗಿಲಿನ ಮೇಲ್ಪಟ್ಟಿಗೆ ತಲೆ ಬಡಿದುಕೊಂಡು ತೀರಿಕೊಂಡನಂತೆ. (ನಮ್ಮ ಕಡೆ ಮನೆಯೊಳಗೆ ಬರುವವನು ತಲೆ ಬಾಗಿ ಬರಲಿ ಎಂದೇ ಬಾಗಿಲನ್ನು ತಗ್ಗಿಸಿ ಇಡುತ್ತಿದ್ದರು, ಅವನಿಗೆ ಯಾರೂ ಹೇಳಿರಲಿಲ್ಲವೆಂದು ತೋರುತ್ತದೆ.) ಸಂಜೆ ಇದನ್ನು ಮಾಲಕಿಗೆ ಹೇಳಿದಾಗ ಆಕೆ ನಕ್ಕು ನಮ್ಮೊಡನೆ ಕುಳಿತಳು. ಮಗಳು ದುಭಾಷಿಯಾದಳು.

ಆ ಮನೆ ಆಕೆಯ ತಂದೆಯದಂತೆ. ಮಾಳಿಗೆ ಸೋರುತ್ತಿತ್ತು, ತಂದೆ ಮಾರಲು ಹೊರಟಿದ್ದರು. ಈಕೆ ಸಾಲ ಮಾಡಿ ಒಂದೊಂದೇ ಕೋಣೆಯನ್ನು ದುರಸ್ತಿ ಮಾಡಿಸಿ ಅತಿಥಿಗಳಿಗೆ ಬಿಡತೊಡಗಿದಳು. ಆ ದೇಶದಲ್ಲಿ ಸಂರಕ್ಷಿತ ಸ್ಮಾರಕದ 500 ಮೀಟರ್ ಸುತ್ತಿನೊಳಗಿನ ಮನೆಗಳ ಕಿಟಕಿಯನ್ನು ಬದಲಿಸಬೇಕಾದರೂ ಸರಕಾರದ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. ಆ ಕಾಟದ ಬಗೆಗೆ ಆಕೆ ಬಹಳ ಹೊತ್ತು ದೂರಿದಳು. ತೊಲೆಯ ಮೇಲೆ ಬಡಿಗರು ಜೋಡಣೆಗಾಗಿ ಕೊರೆದಿದ್ದ ಗುರುತುಗಳನ್ನು ತೋರಿಸಿದಳು. ಕೊನೆಗೆ, "ನೀವು ಕೊಡುವ ಹಣ ಮಾಳಿಗೆಗೆ ಹೋಗುತ್ತದೆ" ಎಂದಳು. ನನ್ನ ಸಿಟ್ಟು ಇಳಿಯಿತು. ಆದರೆ ಅದರ ಜಾಗದಲ್ಲಿ ಬಂದದ್ದು ಅದಕ್ಕಿಂತ ಕೆಟ್ಟದ್ದು.

ಏಕೆಂದರೆ ರೋಣ ಸೀಮೆಯ ಆ ವಾಡೆ ಈಗ ಇಲ್ಲ. 2004ರಲ್ಲಿ ಯಜಮಾನರ ಮೂವರು ಮಕ್ಕಳು ವಾಟ್ನಿ ಮಾಡಿಕೊಂಡರು. ಒಂಬತ್ತು ಅಂಕಣ ಮೂರು ಮೂರಾಯಿತು. ಕಾಗದವನ್ನು ಬರೆದವನು ನಾನು. ನನ್ನ ಅಕ್ಷರ ಚೆಂದವೆಂದು, ನನ್ನ ಮೇಲೆ ನಂಬಿಕೆಯೆಂದು ಕರೆಸಿದ್ದರು. ಬರೆದಷ್ಟಕ್ಕೆ ನಿಲ್ಲಲಿಲ್ಲ. "ಹಳೇ ಮಾಳಿಗಿ ಸೋರತೈತಿ, ಎಷ್ಟ ಸಲ ಮಣ್ಣ ಹಾಕತೀರಿ? ಕೆಡವಿ ಆರ್‌ಸಿಸಿ ಹಾಕಿಸ್ರಿ" ಎಂದು ಸಲಹೆಯನ್ನೂ ಕೊಟ್ಟೆ. ಹದಿನಾಲ್ಕು ಕಂಬಗಳನ್ನು ಹೊರಗಿನ ವ್ಯಾಪಾರಿಯೊಬ್ಬ 52,000 ರೂಪಾಯಿಗೆ ಲಾರಿಯಲ್ಲಿ ಒಯ್ದ. ಗಿಳಿಗಳ ಬೋದಿಗೆಯೂ ಹೋಯಿತು. ಆಂಬ್ವಾಜಿನಲ್ಲಿ ನಾವು ಮಲಗಿದ ನಾಲ್ಕು ರಾತ್ರಿಗಳ ಬೆಲೆ ಅದಕ್ಕಿಂತ ಹೆಚ್ಚು.

ಹಾಗೆಂದು ಆ ಮಕ್ಕಳನ್ನು ದೂರಲಾರೆ. ಒಬ್ಬನಿಗೆ ಮಗಳ ಮದುವೆಯಿತ್ತು, ಇನ್ನೊಬ್ಬನಿಗೆ ಬ್ಯಾಂಕಿನ ಸಾಲವಿತ್ತು. ಸಂಡೂರಿನ ಘೋರ್ಪಡೆಯವರ ಶಿವವಿಲಾಸ ಅರಮನೆ ಹೋಟೆಲಾಯಿತು, ಆನೆಗೊಂದಿಯಲ್ಲಿ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ಬಿಟ್ಟಿದ್ದಾರೆ, ಇವೆಲ್ಲ ನಿಜ. ಆದರೆ ಒಂದು ಹಿಂದೆ ರಾಜಮನೆತನವಿದೆ, ಇನ್ನೊಂದರ ಪಕ್ಕದಲ್ಲಿ ಹಂಪಿಯಿದೆ. ಸೂಡಿಯ ಗುಡಿಗಳನ್ನೂ ನಾಗಕುಂಡವನ್ನೂ ನೋಡಲು ಬಂದವರೇ ಸಂಜೆಯೊಳಗೆ ಬಾದಾಮಿಗೆ ಹೊರಟುಬಿಡುವಾಗ ನಮ್ಮ ಹಳ್ಳಿಯಲ್ಲಿ ಹಣ ಕೊಟ್ಟು ಮಲಗುವವರು ಯಾರು? ಮೇಲಾಗಿ ಹಣ ಕೊಡುತ್ತೇನೆ ಎಂದವನಿಗೆ ಆ ಯಜಮಾನರು ಕೊಟ್ಟ ಉತ್ತರವನ್ನು ಆಗಲೇ ಹೇಳಿದ್ದೇನೆ. ಅವರ ಬಾಯಲ್ಲಿ ದರಪಟ್ಟಿಯನ್ನು ಊಹಿಸಲು ನನಗೆ ಇಂದಿಗೂ ಆಗುವುದಿಲ್ಲ. ಆದರೂ ಕೆಡವಿರೆಂದು ನಾನು ಹೇಳಬಾರದಿತ್ತು. ಅವರ ಜೋಳ ತಿಂದವನು ನಾನು.

ಯಜಮಾನರ ಕಿರಿಯ ಮಗ ಈಗ ನರಗುಂದದಲ್ಲಿದ್ದಾನೆ. ಅಲ್ಲಿಯ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯೂ ಆಗಿದ್ದವನು. ಊರಿಗೆ ಮರಳಿದ ತಿಂಗಳಲ್ಲಿಯೇ ಹೋಗಿ, ಗುಡ್ಡಕ್ಕೆ ಎದುರಾಗಿರುವ ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ: ಹೋಟೆಲು, ತೊಲೆ, ಮಾಲಕಿಯ ಸಾಲ, ನನ್ನ ಸಲಹೆಯ ತಪ್ಪು. ತಪ್ಪಿನ ಮಾತನ್ನು ಅವನು ಕೇಳಿಸಿಕೊಂಡಂತೆಯೇ ತೋರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

"ಸರ, ಅಲ್ಲಿ ತೊಲಿಗೆ ಎಣ್ಣಿ ಹಚ್ಚತಾರೇನ್ರೀ?"

ಅದನ್ನು ಕೇಳಿಕೊಂಡು ಬಂದಿಲ್ಲ ಎಂದೆ. ಮಗಳಿಗೆ ಹೇಳಿ ಕೇಳಿಸುತ್ತೇನೆ ಎಂದೆ.