ಕುದುರೆಮುಖ ಫುಲ್ಲಾ? ಕುರಿಂಜಲ್ ಇದೆಯಲ್ಲ!

ವೀಕೆಂಡ್ ಹತ್ತಿರ ಬಂತೆಂದರೆ ಟ್ರೆಕ್ಕಿಂಗ್ ಗ್ರೂಪುಗಳಲ್ಲಿ ಒಂದೇ ಗೋಳು. 'ಕುದುರೆಮುಖ ಫುಲ್, ನೇತ್ರಾವತಿನೂ ಫುಲ್!' ಎರಡಕ್ಕೂ ದಿನಕ್ಕೆ 300 ಜನರ ಮಿತಿ. ಬೈಕೊಳ್ಳೋರು ಬೈಕೊಳ್ಳಲಿ, ನನಗಂತೂ ಈ ಮಿತಿ ಬೇಕೇ ಬೇಕು ಅನ್ನಿಸುತ್ತೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರೀಲಿ ಜನ ಜಾತ್ರೆಯ ಹಾಗೆ ಸಾಲುಗಟ್ಟಿ ನಿಂತಿದ್ದ ಫೋಟೊ ನೀವೂ ನೋಡಿರುತ್ತೀರಿ. ಆಮೇಲೇ ಆನ್‌ಲೈನ್ ಬುಕಿಂಗ್ ಇಲ್ಲದೆ ಬೆಟ್ಟ ಹತ್ತುವ ಹಾಗಿಲ್ಲ ಎಂದು ಬಿಗಿ ಮಾಡಿದ್ದು.

ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಎಂದರೆ ಕುದುರೆಮುಖ ಶಿಖರ ಒಂದೇ ಅಲ್ಲ. ಅದೇ ಕಾಡಿನೊಳಗೆ ಕುರಿಂಜಲ್ ಇದೆ, ಗಂಗಡಿಕಲ್ ಇದೆ. ದೊಡ್ಡಣ್ಣ 1,890 ಮೀಟರ್ ದಾಟಿದರೆ ಕುರಿಂಜಲ್ ಬರೀ 1,150ರ ಆಸುಪಾಸು. ಎತ್ತರ ನೋಡಿ 'ಅಷ್ಟೇನಾ' ಅಂತ ಮೂಗು ಮುರಿಯಬೇಡಿ.

ಕಳಸದಿಂದ ಕಾರ್ಕಳದ ಕಡೆ ಹೋಗುವಾಗ ಕುದುರೆಮುಖ ಪಟ್ಟಣ ದಾಟಿದರೆ ಭಗವತಿ ನೇಚರ್ ಕ್ಯಾಂಪ್. ನಡಿಗೆ ಶುರುವಾಗೋದು ಆ ಕಡೆಯಿಂದ. ಮೊದಲರ್ಧ ದಟ್ಟ ಕಾಡು, ಹಳೇ ಜೀಪ್ ದಾರಿ. ಏರು ಅಷ್ಟಿಲ್ಲ, ಆದರೆ ಇಂಬಳಗಳಿಗೆ ಬರವಿಲ್ಲ. ನಮ್ಮ ಜೊತೆ ಬಂದ ಗೈಡಣ್ಣ ಹೊಗೆಸೊಪ್ಪಿನ ಪುಡಿಯನ್ನು ಸುಣ್ಣದ ಜೊತೆ ಕಲಸಿ ಕಾಲಿಗೆ ಹಚ್ಚಿಕೊಳ್ಳೋಕೆ ಕೊಟ್ಟರು. ಸಾವಿರಾರು ರೂಪಾಯಿಯ ಕಾಲುಚೀಲಕ್ಕಿಂತ ಅದೇ ಚೆನ್ನಾಗಿ ಕೆಲಸ ಮಾಡಿತು. ಮೇಲೆ ಕೊಂಬೆ ಅಲುಗಿದಾಗ 'ಸಿಂಗಳೀಕ ಇರ್ಬೇಕು, ಸದ್ದು ಮಾಡ್ಬೇಡಿ' ಎಂದರು. ಕಾಣಲಿಲ್ಲ. ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಗಿದ್ದಕ್ಕೆ ಮುಖ್ಯ ಕಾರಣವೇ ಆ ನಾಚಿಕೆ ಸ್ವಭಾವದ ಪ್ರಾಣಿ.

ಕಾಡು ಮುಗಿದದ್ದೇ ಗೊತ್ತಾಗೋದಿಲ್ಲ, ಬಾಗಿಲು ತೆಗೆದಂತೆ ಹುಲ್ಲುಗಾವಲು! ಗುಂಪಿನಲ್ಲಿ ಒಬ್ಬರು 'ಇಲ್ಲಿ ಮರ ಯಾರು ಕಡಿದ್ರು?' ಎಂದು ಕೇಳಿದರು. ಯಾರೂ ಕಡಿದದ್ದಲ್ಲ. ಗಾಳಿ ಬಡಿಯುವ, ಮಣ್ಣು ತೆಳುವಾದ ನೆತ್ತಿಯಲ್ಲಿ ಹುಲ್ಲು, ತೇವ ನಿಲ್ಲುವ ಮಡಿಕೆಗಳಲ್ಲಿ ಶೋಲಾ ಕಾಡು, ಇದು ಪಶ್ಚಿಮ ಘಟ್ಟದ ಹಳೇ ಏರ್ಪಾಡು. ಸುರಿದ ಮಳೆಯನ್ನು ಹುಲ್ಲಿನ ಬೇರು ಹಿಡಿದು ನಿಧಾನಕ್ಕೆ ಕೆಳಗಿಳಿಸುತ್ತೆ, ಶೋಲಾ ಅದನ್ನು ಬೇಸಿಗೆವರೆಗೂ ಜಿನುಗಿಸುತ್ತೆ. ಭದ್ರೆ, ತುಂಗೆ, ನೇತ್ರಾವತಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. 'ಬೋಳುಗುಡ್ಡ' ಅಂತ ಗಿಡ ನೆಡೋಕೆ ಹೊರಡೋರನ್ನು ಇಲ್ಲಿಗೊಮ್ಮೆ ಕರೆತರಬೇಕು!

ಕೊನೆಯ ಏರು ಬಂಡೆ, ಸ್ವಲ್ಪ ಕೈ ಊರಿ ಹತ್ತಬೇಕು. ತುದೀಲಿ ಪಾಳುಬಿದ್ದ ಕಟ್ಟಡ. ನಾವು ಹೋದಾಗ ಹತ್ತು ನಿಮಿಷ ಬರೀ ಬಿಳಿ ಮೋಡ. ಮೋಡ ಸರಿದಾಗ ಕೆಳಗೆ ನೀಲಿ ನೀರು. 'ವಾಹ್, ಎಂಥ ಲೇಕ್!' ಎಂದು ಮೊಬೈಲ್‌ಗಳು ಎದ್ದವು. ಗೈಡಣ್ಣ ನಕ್ಕರು. 'ಲೇಕ್ ಅಲ್ರೀ, ಲಕ್ಯಾ ಡ್ಯಾಮ್. ಅದಿರು ತೊಳೆದ ಹೂಳು ತುಂಬಿರೋದು ಅದ್ರಲ್ಲಿ.'

ಇರಾನಿನ ಷಾ ಕಾಲದಲ್ಲಿ, ಆ ದೇಶಕ್ಕೆ ಕಬ್ಬಿಣದ ಅದಿರು ಕಳಿಸಲು 1976ರಲ್ಲಿ ಹುಟ್ಟಿದ ಕಂಪನಿ ಇಲ್ಲಿನದು. ಅದಿರನ್ನು ರಾಡಿ ಮಾಡಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿ ಆಯ್ತು, ಷಾ ಹೋದ, ಗಣಿ ಮಾತ್ರ ಉಳಿಯಿತು. ಜನ ಹೋರಾಡಿ, ಸುಪ್ರೀಂ ಕೋರ್ಟ್ ಹೇಳಿ, 2005ರ ಕೊನೆಗೆ ನಿಂತಿತು.

ಇದನ್ನು ನಾನು ಗೆಲುವಿನ ಕಥೆ ಹೇಳೋ ಹಾಗೆ ಹೇಳುತ್ತಿದ್ದೆ. ಗೈಡಣ್ಣ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಾ, 'ನಮ್ಮಪ್ಪ ಕಂಪನೀಲೇ ಕೆಲಸಕ್ಕಿದ್ರು. ಮುಚ್ಚಿದ್ಮೇಲೆ ಊರೇ ಖಾಲಿ ಆಯ್ತು. ಕಾಡು ಉಳಿದಿದ್ದು ಒಳ್ಳೇದೇ, ಇಲ್ಲ ಅನ್ನಲ್ಲ. ಈಗ ನೀವು ಬರ್ತೀರಿ, ಹೊಟ್ಟೆಪಾಡು ನಡೀತಿದೆ. ಆದ್ರೆ ಜನ ಜಾಸ್ತಿ ಆದ್ರೆ ಇದನ್ನೂ ಮುಚ್ತಾರೆ. ಕಮ್ಮಿ ಆದ್ರೆ ನಮ್ಗೆ ಕೆಲಸ ಇಲ್ಲ' ಎಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಚಪಾತಿ ಹಂಚಿಕೊಂಡು ತಿಂದೆವು.

ಹೊರಡುವವರಿಗೆ ಒಂದೆರಡು ಮಾತು. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ತಾಣದಲ್ಲಿ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ಒಯ್ಯಿರಿ. ಬೇಸಿಗೇಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು, ವಿಚಾರಿಸಿಕೊಂಡೇ ರಜೆ ಹಾಕಿ. ಮಳೆ ಕಮ್ಮಿಯಾಗುವ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ನನ್ನ ಆಯ್ಕೆ, ಹುಲ್ಲು ಹಸಿರಿರುತ್ತೆ, ನೋಟವೂ ಸಿಗುತ್ತೆ. ಉದ್ಯಾನದೊಳಗಿನ ರಸ್ತೆಯಲ್ಲಿ ರಾತ್ರಿ ವಾಹನ ಬಿಡೋದಿಲ್ಲ. ಹಾಗಾಗಿ ಫೋಟೊ ಸಾಕು ಅಂತ ಗೈಡಣ್ಣ ವಾಚ್ ನೋಡಿದರೆ, ಮರುಮಾತಿಲ್ಲದೆ ಇಳಿಯಿರಿ.